ಹಳೇ ಸ್ಪೋರ್ಟ್ಸ್ ಕಾರಿನ ಪಕ್ಕ ನಿಂತವರಿಗೆ: ಬುರುಡೆ ಕಥೆ ಕೇಳುವುದು ಹೇಗೆ, ನಿಜ ಹೆಕ್ಕುವುದು ಹೇಗೆ

ಕ್ಲಾಸಿಕ್ ಸ್ಪೋರ್ಟ್ಸ್ ಕಾರನ್ನು ಪ್ರದರ್ಶನಕ್ಕೆ ಒಯ್ಯುವವರು ಪಾಲಿಶ್, ಬಟ್ಟೆ, ಬ್ರಷ್ ಎಲ್ಲ ಜೋಡಿಸಿಕೊಳ್ಳುತ್ತಾರೆ. ಮಾತಿಗೆ ಮಾತ್ರ ಯಾರೂ ತಯಾರಾಗಿ ಹೋಗುವುದಿಲ್ಲ. ಆದರೆ ದಿನವಿಡೀ ಅಲ್ಲಿ ನಡೆಯುವುದು ಮಾತೇ. ಜನ ಬರುತ್ತಾರೆ, ಕಾರಿಗೆ ಒಂದು ಸುತ್ತು ಹಾಕುತ್ತಾರೆ, ಆಮೇಲೆ ಶುರು ಮಾಡುತ್ತಾರೆ: "ನಮ್ಮ ಮಾವನ ಹತ್ರ ಇಂಥದ್ದೇ ಒಂದಿತ್ತು ಕಣ್ರೀ."

ಆ ಮಾತಲ್ಲಿ ಒಂದಷ್ಟು ನಿಜ, ಒಂದಷ್ಟು ಒಗ್ಗರಣೆ. ಎರಡನ್ನೂ ಬೇರೆ ಮಾಡುವುದನ್ನು ಕಲಿಯಬಹುದು, ಕಲಿಯಲೇಬೇಕು ಅಂತ ನನ್ನ ಅಭಿಪ್ರಾಯ. ಈ ಕಾರುಗಳು ಹೊಸದಾಗಿದ್ದಾಗ ಓಡಿಸಿದವರು, ಜೋಡಿಸಿದವರು, ರಿಪೇರಿ ಮಾಡಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿಗೆ ಗೊತ್ತಿರುವ ಎಷ್ಟೋ ವಿಷಯ ಯಾವ ಮ್ಯಾನುಯಲ್‌ನಲ್ಲೂ ಬಂದಿಲ್ಲ. ಬಡಾಯಿ ಅಂತ ಮುಖ ತಿರುಗಿಸಿದರೆ ಅದರ ಜೊತೆಗೇ ಇದೂ ಹೋಗಿಬಿಡುತ್ತದೆ.

ಹೊರಡುವ ಮುಂಚೆ

ಮೂರು ವಸ್ತು ಸಾಕು: ಒಂದು ಮಾಹಿತಿ ಹಲಗೆ, ಒಂದು ಫೈಲು, ಒಂದು ಪಾಕೆಟ್ ನೋಟ್‌ಬುಕ್.

ಹಲಗೆಯಲ್ಲಿ ಕಾರಿನ ಹೆಸರು, ತಯಾರಾದ ವರ್ಷ, ಎಂಜಿನ್ ಎಷ್ಟು ಸಿಸಿ, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಯಾವುದು, ಗೇರ್ ಎಷ್ಟು ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹತ್ತು ಸಾಲು ದಾಟಬೇಡಿ. ಒಂದೇ ಪ್ರಶ್ನೆಗೆ ದಿನವಿಡೀ ಉತ್ತರ ಹೇಳುವ ಶ್ರಮ ಇದರಿಂದ ತಪ್ಪುತ್ತದೆ. ಜನರ ಹತ್ತಿರ ಉಳಿದ ಮಾತು ಆಡುವುದಕ್ಕೆ ಸಮಯ ಸಿಗುತ್ತದೆ.

ಫೈಲಲ್ಲಿ ಫೋಟೋಗಳು ಇರಲಿ. ತುಕ್ಕು ಹಿಡಿದು ಬಿಚ್ಚಿಟ್ಟಿದ್ದ ಹೊತ್ತಿನವು ಮೊದಲು, ಹೊಳೆಯುವವು ಆಮೇಲೆ. ಕಂಪನಿಯ ದಾಖಲೆಯಿಂದ ಪಡೆದ ಪ್ರಮಾಣಪತ್ರ ಇದ್ದರೆ ಅದರ ಪ್ರತಿ ಇಡಿ, ಅಸಲನ್ನು ಮನೆಯಲ್ಲೇ ಬಿಡಿ. ಎಂಜಿ, ಆಸ್ಟಿನ್-ಹೀಲಿ, ಟ್ರಯಂಫ್‌ನಂಥ ಎಷ್ಟೋ ಬ್ರಿಟಿಷ್ ಕಾರುಗಳಿಗೆ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೇ ಉತ್ಪಾದನಾ ದಾಖಲೆ ನೋಡಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ಕಾರು ಯಾವತ್ತು ತಯಾರಾಯಿತು, ಯಾವ ಬಣ್ಣ, ಯಾವ ದೇಶಕ್ಕೆ ಹೋಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ.

ನೋಟ್‌ಬುಕ್ಕಿನ ವಿಷಯ ಕೊನೆಗೆ ಹೇಳುತ್ತೇನೆ.

ಕಾರು ನಿಲ್ಲಿಸುವ ರೀತಿ

ನಿಮ್ಮ ಕುರ್ಚಿಯನ್ನು ಕಾರಿನ ಹಿಂದೆ ಹಾಕಬೇಡಿ, ಪಕ್ಕಕ್ಕೆ ಹಾಕಿ. ಹಿಂದೆ ಕೂತರೆ ಕಾವಲುಗಾರನ ಹಾಗೆ ಕಾಣುತ್ತೀರಿ, ಜನ ದೂರದಿಂದಲೇ ನೋಡಿ ಹೋಗುತ್ತಾರೆ. ಬಾನೆಟ್ ತೆಗೆದಿಟ್ಟರೆ ಮಾತು ಜಾಸ್ತಿ, ಅದರಲ್ಲೂ ವಿಷಯ ಗೊತ್ತಿರುವವರ ಮಾತು ಜಾಸ್ತಿ. ಆದರೆ ಓಡಿಸಿಕೊಂಡು ಬಂದ ಕೂಡಲೇ ತೆಗೆಯಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್‌ನಿಂದ ಹೊಗೆ ಹೊರಡುವ ಕೊಳವೆ, ಕೈ ಸುಡುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ್ದರೆ ಎಂಜಿನ್ ಆರಿಸಿದ ಮೇಲೂ ಅದು ತಾನಾಗಿ ತಿರುಗಬಹುದು. ಬ್ಯಾಟರಿ ಕಟ್-ಆಫ್ ಸ್ವಿಚ್ ಇದ್ದರೆ ಆರಿಸಿ, ಕೀ ಜೇಬಿಗೆ ಹಾಕಿಕೊಳ್ಳಿ, ಹ್ಯಾಂಡ್‌ಬ್ರೇಕ್ ಎಳೆದು ಗೇರಲ್ಲಿ ಬಿಡಿ.

ಪೇಂಟ್ ಹಾಳಾಗುವುದು ಬೆರಳಿನಿಂದಲ್ಲ. ಬೆಲ್ಟಿನ ಬಕಲ್, ಜಾಕೆಟ್ಟಿನ ಜಿಪ್, ಹೆಗಲಿನ ಬ್ಯಾಗು ತಾಗಿದರೆ ಗೀರು ಬೀಳುತ್ತದೆ. ಬಾಗಿ ಡ್ಯಾಶ್‌ಬೋರ್ಡ್ ನೋಡುವವರಿಗೆ "ಬನ್ನಿ, ಬಾಗಿಲು ತೆಗೀತೀನಿ" ಅಂತ ನೀವೇ ಎದ್ದು ಹೋಗಿ. ಗೀರೂ ತಪ್ಪುತ್ತದೆ, ಪರಿಚಯವೂ ಆಗುತ್ತದೆ.

ವೇಗ ಕೇಳಬೇಡಿ, ತೊಂದರೆ ಕೇಳಿ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಯಾರಾದರೂ ಬಂದು "ನನ್ನ ಹತ್ರ ಇದೇ ಕಾರಿತ್ತು, 220 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿದ್ದೆ" ಅನ್ನುತ್ತಾರೆ. ಕಾರು ಎಂಜಿ ಕಂಪನಿಯ ಎಂಜಿಬಿ. ಅದರ ಎಂಜಿನ್ 1798 ಸಿಸಿ, ಮೂಲ ಸ್ಥಿತಿಯಲ್ಲಿ ಗಂಟೆಗೆ ಸುಮಾರು 165ರಿಂದ 170 ಕಿಲೋಮೀಟರ್ ಹೋಗುತ್ತಿತ್ತು, ಅಷ್ಟೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ತಲೆಯಾಡಿಸುವುದು ಬೇಡ, "ಸಾಧ್ಯವೇ ಇಲ್ಲ" ಅನ್ನುವುದೂ ಬೇಡ. ಎರಡರಲ್ಲೂ ಮಾತು ಅಲ್ಲಿಗೇ ನಿಲ್ಲುತ್ತದೆ. ಹಳೇ ಸ್ಪೀಡೋಮೀಟರುಗಳು ಇದ್ದ ವೇಗಕ್ಕಿಂತ ಜಾಸ್ತಿ ತೋರಿಸುತ್ತಿದ್ದುದು ಉಂಟು. ಕೆಳಗೆ ಕೂತು, ಹುಡ್ (ಬಟ್ಟೆಯ ಚಾವಣಿ) ಇಲ್ಲದೆ, ಮುಖಕ್ಕೆ ಗಾಳಿ ಹೊಡೆಸಿಕೊಂಡು ಹೋದವರಿಗೆ ವೇಗ ಇನ್ನೂ ಜಾಸ್ತಿ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಆಗುವುದಿಲ್ಲ.

ಬದಲಿಗೆ ಹೀಗೆ ಕೇಳಿ: "ಹೌದಾ? ಬ್ಯಾಟರಿ ಕಾಟ ಕೊಡ್ತಿತ್ತಾ ನಿಮಗೆ?"

ಒಮ್ಮೆ ಈ ಪ್ರಶ್ನೆ ಕೇಳಿದಾಗ ಎದುರಿಗಿದ್ದ ಹಿರಿಯರ ಮುಖವೇ ಬದಲಾಯಿತು. ಅಲ್ಲಿಯ ತನಕ ಎದೆಯುಬ್ಬಿಸಿ ವೇಗದ ಲೆಕ್ಕ ಹೇಳುತ್ತಿದ್ದವರು, ಎರಡೂ ಕೈ ಮುಂದೆ ಚಾಚಿ ಸೀಟು ತಳ್ಳುವ ಹಾಗೆ ತೋರಿಸಿದರು. "ಅಯ್ಯೋ, ಆ ಎರಡು ಬ್ಯಾಟರಿ! ಸೀಟಿನ ಹಿಂದೆ, ಕಾರ್ಪೆಟ್ ಕೆಳಗೆ. ಮಂಡಿಯೂರಿ ಕೂತು, ಮುಚ್ಚಳ ಎತ್ತಿ, ಸೊಂಟ ಮುರಿದುಕೊಂಡು ನೀರು ಹಾಕಬೇಕಿತ್ತು. ಒಂದು ಸತ್ತರೆ ಎರಡೂ ಸತ್ತ ಹಾಗೆ." ಅಲ್ಲಿಂದ ಮುಂದೆ ಅವರು ಹೇಳಿದ್ದೆಲ್ಲ ಗಟ್ಟಿ ವಿಷಯ. ಮಳೆಯಲ್ಲಿ ಹುಡ್ ಕಟ್ಟಲು ಎಷ್ಟು ಹೊತ್ತು ಬೇಕಾಗುತ್ತಿತ್ತು, ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಎರಡನ್ನೂ ಒಂದೇ ಸಮ ಮಾಡಲು ರಬ್ಬರ್ ಪೈಪನ್ನು ಕಿವಿಗೆ ಇಟ್ಟುಕೊಂಡು ಸುಯ್ ಅನ್ನುವ ಸದ್ದು ಹೇಗೆ ಕೇಳುತ್ತಿದ್ದರು, ಎಲ್ಲ ಬಂತು. ಎಂಜಿಬಿಯಲ್ಲಿ 1974ರ ಸುಮಾರಿನ ತನಕ ನಿಜವಾಗಿಯೂ ಎರಡು 6 ವೋಲ್ಟ್ ಬ್ಯಾಟರಿ ಸೀಟಿನ ಹಿಂದೆ ಇರುತ್ತಿದ್ದವು. ಓಡಿಸಿದವರು ಅದನ್ನು ಮರೆಯುವುದಿಲ್ಲ.

ವೇಗ, ಬೆಲೆ, ಅಂದ ಇವೆಲ್ಲ ಕೇಳಿದವರ ಬಾಯಲ್ಲೂ ಬರುತ್ತವೆ. ಕಾಟ ಮಾತ್ರ ಅನುಭವಿಸಿದವರಿಗೇ ಗೊತ್ತು. ಅದಕ್ಕೇ ಪ್ರತಿ ಕಾರಿಗೂ ಅದರದೇ ಒಂದು ಪ್ರಶ್ನೆ ತಯಾರು ಮಾಡಿಟ್ಟುಕೊಳ್ಳಿ. ಆಸ್ಟಿನ್-ಹೀಲಿ 3000 ಇದ್ದರೆ ಕಾಲಿನ ಹತ್ತಿರದ ಬಿಸಿ ಬಗ್ಗೆ ಕೇಳಿ. ಓಡಿಸಿದವರು ತಕ್ಷಣ "ಅಯ್ಯಪ್ಪಾ!" ಅನ್ನುತ್ತಾರೆ, ಜೊತೆಗೆ ಎಕ್ಸಾಸ್ಟ್ ಎಲ್ಲೆಲ್ಲಿ ನೆಲಕ್ಕೆ ತಾಗಿತು ಅಂತಲೂ ಹೇಳುತ್ತಾರೆ. ಮರ್ಸಿಡಿಸ್ 300 ಎಸ್‌ಎಲ್ ಗಲ್‌ವಿಂಗ್ ಆದರೆ ಹತ್ತಿ ಕೂರುವುದು ಹೇಗೆ ಅಂತ ಕೇಳಿ. ಕೊಳವೆಗಳಿಂದ ಕಟ್ಟಿದ ಫ್ರೇಮ್ ಪಕ್ಕದಲ್ಲಿ ಎತ್ತರವಾಗಿ ಬಂದಿದ್ದರಿಂದ ಮಾಮೂಲಿ ಬಾಗಿಲು ಇಡಲು ಜಾಗವಿರಲಿಲ್ಲ. ಅದಕ್ಕೇ ಬಾಗಿಲು ಮೇಲಕ್ಕೆ ತೆರೆಯುವ ಹಾಗೆ ಮಾಡಿದರು. ಚಾಲಕನ ಕಾಲಿಗೆ ದಾರಿಯಾಗಲಿ ಅಂತ ಸ್ಟೀರಿಂಗ್ ಚಕ್ರ ಕೆಳಕ್ಕೆ ಬಾಗುತ್ತದೆ. ಒಮ್ಮೆಯಾದರೂ ಅದರಲ್ಲಿ ಕೂತವರು ಈ ಸ್ಟೀರಿಂಗಿನ ವಿಷಯ ಹೇಳದೆ ಬಿಡುವುದಿಲ್ಲ.

ಇಸವಿ ತಪ್ಪಿದರೆ ಮನುಷ್ಯ ತಪ್ಪು ಅಂತಲ್ಲ

"ನಮ್ಮಪ್ಪ 1958ರಲ್ಲಿ ಎಂಜಿಬಿ ತಗೊಂಡ್ರು" ಅನ್ನುವವರು ಸಿಗುತ್ತಾರೆ. ಎಂಜಿಬಿ ಬಂದದ್ದೇ 1962ರಲ್ಲಿ. ಆದರೆ 1955ರಿಂದ 1962ರ ತನಕ ಎಂಜಿಎ ಇತ್ತು. "ಮುಂದಿನ ಮಡ್‌ಗಾರ್ಡ್ ದುಂಡಗಿತ್ತಾ? ಬಾಗಿಲಿಗೆ ಹೊರಗಡೆ ಹಿಡಿ ಇರಲಿಲ್ಲ ಅಲ್ವಾ?" ಅಂತ ಕೇಳಿ ನೋಡಿ. ಎಂಜಿಎ ರೋಡ್‌ಸ್ಟರ್‌ಗೆ (ಚಾವಣಿ ತೆರೆಯುವ ಮಾದರಿಗೆ) ಹೊರಗಡೆ ಹಿಡಿ ಇರಲಿಲ್ಲ, ಒಳಗಿನ ದಾರ ಎಳೆಯಬೇಕಿತ್ತು. "ಹೌದು ಹೌದು, ಕೈ ಒಳಗೆ ಹಾಕಿ ಎಳೀತಿದ್ರು" ಅಂದರೆ ಕಾರು ಯಾವುದು ಅಂತ ಗೊತ್ತಾಯಿತು. ಅವರಿಗೂ ತಮ್ಮ ಅಪ್ಪನ ಕಾರಿನ ಸರಿಯಾದ ಹೆಸರು ಸಿಕ್ಕಿತು. ಆ ಸಂತೋಷ ನೋಡುವ ಹಾಗಿರುತ್ತದೆ.

ಅಮೆರಿಕದ ಷೆವ್ರೊಲೆ ಕಾರ್ವೆಟ್‌ನಲ್ಲಿ ಇನ್ನೊಂದು ಗೊಂದಲ ಇದೆ. 1983ರ ಮಾಡೆಲ್ ಅಂತ ಒಂದನ್ನೂ ಮಾರಲಿಲ್ಲ. ಪರೀಕ್ಷೆಗೆ ಮಾಡಿದವುಗಳಲ್ಲಿ ಉಳಿದ ಒಂದೇ ಒಂದು ಕಾರು ಕೆಂಟಕಿಯ ಬೌಲಿಂಗ್ ಗ್ರೀನ್‌ನ ಕಾರ್ವೆಟ್ ಮ್ಯೂಸಿಯಂನಲ್ಲಿದೆ. ಆದರೂ "ನಾನು 83ರ ಕಾರ್ವೆಟ್ ಇಟ್ಟಿದ್ದೆ" ಅನ್ನುವವರು ಬರುತ್ತಾರೆ. ನಗಬೇಡಿ. 1984ರ ಮಾಡೆಲ್ ಮಾರಾಟಕ್ಕೆ ಬಂದದ್ದು 1983ರ ಮಾರ್ಚ್‌ನಲ್ಲಿ. ಆ ವರ್ಷವೇ ದುಡ್ಡು ಕೊಟ್ಟು ತಗೊಂಡವರಿಗೆ ಅದು ಎಂಭತ್ತಮೂರರ ಕಾರೇ. ಮಾಡೆಲ್ ವರ್ಷ, ತಯಾರಾದ ವರ್ಷ, ಕೊಂಡ ವರ್ಷ ಈ ಮೂರನ್ನೂ ಬೇರೆಬೇರೆಯಾಗಿ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಅರ್ಧಕ್ಕರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಾಗೆಯೇ "1953ರ ಕಪ್ಪು ಕಾರ್ವೆಟ್" ಅಂತ ಯಾರಾದರೂ ಅಂದರೆ ಆಮೇಲೆ ಬಣ್ಣ ಬಳಿಸಿದ್ದಿರಬಹುದು. ಆ ವರ್ಷ ಮಾಡಿದ 300 ಕಾರೂ ಬಿಳಿ ಬಣ್ಣ, ಒಳಗೆ ಕೆಂಪು.

ಎಲ್ಲೆಡೆ ಓಡಾಡುವ ಕಥೆಗಳು

ಕೆಲವು ಕಥೆಗಳಿಗೆ ಊರೂ ಇಲ್ಲ, ಹೆಸರೂ ಇಲ್ಲ. ಗಂಡ ಇನ್ನೊಬ್ಬಳ ಜೊತೆ ಓಡಿಹೋದ, ಕಾರು ಮಾರಿ ದುಡ್ಡು ಕಳಿಸು ಅಂದ, ಹೆಂಡತಿ ಆ ಪೋರ್ಶೆಯನ್ನು ಚಿಲ್ಲರೆ ದುಡ್ಡಿಗೆ ಮಾರಿಬಿಟ್ಟಳು ಅನ್ನುವ ಕಥೆ ಅಂಥದ್ದು. ಒಳಗೆ ಹೆಣದ ವಾಸನೆ ಹೋಗದ್ದರಿಂದ ಅಗ್ಗಕ್ಕೆ ಬಿಕರಿಯಾದ ಸ್ಪೋರ್ಟ್ಸ್ ಕಾರಿನ ಕಥೆ ಇನ್ನೊಂದು. ಅಮೆರಿಕದ ಜನಪದ ವಿದ್ವಾಂಸ ಜಾನ್ ಹೆರಾಲ್ಡ್ ಬ್ರುನ್‌ವಾಂಡ್ ಇವೆರಡನ್ನೂ ಬಾಯಿಂದ ಬಾಯಿಗೆ ಹರಿದ ಆಧುನಿಕ ದಂತಕಥೆಗಳು ಅಂತ ದಾಖಲಿಸಿದ್ದಾರೆ. ಗುರುತು ಹಿಡಿಯುವುದು ಸುಲಭ. ಹೇಳುವವರು ಕಾರನ್ನು ತಾವು ನೋಡಿರುವುದಿಲ್ಲ. ಸ್ನೇಹಿತನ ಸ್ನೇಹಿತ, ಭಾವನ ಆಫೀಸಿನವರು ಹೀಗೆ ಒಂದು ಹೆಜ್ಜೆ ಆಚೆಗೇ ಇರುತ್ತದೆ. ಇಂಥವನ್ನು ಕಥೆಯಾಗಿಯೇ ಕೇಳಿ ಖುಷಿಪಡಿ.

ಕಾರು ಲೋಕದ ದೊಡ್ಡವರೂ ಕಥೆ ಕಟ್ಟಿದ್ದಾರೆ. 1934ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ 750 ಕಿಲೋ ತೂಕದ ಮಿತಿ ದಾಟಿದ ಮರ್ಸಿಡಿಸ್ ರೇಸ್ ಕಾರಿನ ಬಿಳಿ ಬಣ್ಣವನ್ನು ರಾತ್ರೋರಾತ್ರಿ ಕೆರೆದು ಹಾಕಿದರು, ಒಳಗಿನ ಬೆಳ್ಳಿ ಬಣ್ಣದ ಲೋಹ ಹೊಳೆಯಿತು, ಅಲ್ಲಿಂದ 'ಬೆಳ್ಳಿ ಬಾಣ' ಅನ್ನುವ ಹೆಸರು ಬಂತು ಅಂತ ತಂಡದ ಮ್ಯಾನೇಜರ್ ಆಲ್ಫ್ರೆಡ್ ನಾಯ್‌ಬಾವರ್ ಹೇಳುತ್ತಿದ್ದರು. ಇತಿಹಾಸಕಾರರು ಇದನ್ನು ಬಲವಾಗಿ ಅನುಮಾನಿಸಿದ್ದಾರೆ. ಆದರೂ ಈ ಕಥೆ ಇವತ್ತಿಗೂ ಜೀವಂತ. ನಿಮ್ಮ ಎದುರಿಗಿರುವವರು ಒಂದಿಷ್ಟು ಉಪ್ಪು ಖಾರ ಸೇರಿಸಿದರೆ ಅಷ್ಟೊಂದು ಬೇಜಾರು ಮಾಡಿಕೊಳ್ಳಬೇಕಿಲ್ಲ.

ತದ್ವಿರುದ್ಧವಾಗಿ, ಬುರುಡೆ ಅನ್ನಿಸುವ ಕಥೆ ನಿಜವಾಗಿರುವುದೂ ಉಂಟು. 1978ರಲ್ಲಿ ಲಾಸ್ ಏಂಜಲೀಸ್‌ನ ಒಂದು ಮನೆಯ ಹಿತ್ತಲನ್ನು ಅಗೆದಾಗ ಮಣ್ಣಿನಡಿ ಒಂದು ಫೆರಾರಿ ಡೀನೋ ಸಿಕ್ಕಿತು. 2014ರಲ್ಲಿ ಫ್ರಾನ್ಸ್‌ನ ಹಳ್ಳಿಗಾಡಿನ ಶೆಡ್ಡುಗಳಲ್ಲಿ ಸುಮಾರು ಅರವತ್ತು ಹಳೇ ಕಾರುಗಳು ಸಿಕ್ಕವು. ಅವುಗಳಲ್ಲಿ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಹಳೇ ಪತ್ರಿಕೆಗಳ ರಾಶಿಯ ಕೆಳಗಿತ್ತು. ಹಾಗಾಗಿ "ನಮ್ಮೂರ ಹತ್ರ ಒಂದು ಶೆಡ್ಡಲ್ಲಿ ಇಂಥದ್ದು ನಿಂತಿದೆ" ಅಂತ ಯಾರಾದರೂ ಅಂದರೆ ತಳ್ಳಿಹಾಕಬೇಡಿ. "ನೀವೇ ಕಣ್ಣಾರೆ ನೋಡಿದ್ರಾ? ಯಾವಾಗ? ಚಕ್ರ ಗಾಳಿಯಲ್ಲಿತ್ತಾ, ನೆಲ ಹಿಡಿದಿತ್ತಾ? ಹಿಂದಿನ ದೀಪ ಹೇಗಿತ್ತು?" ಅಂತ ಒಂದೊಂದಾಗಿ ಕೇಳಿ. ಕಂಡವರು ಚಕ್ರ, ಧೂಳು, ಮೇಲೆ ಪೇರಿಸಿದ್ದ ಸಾಮಾನು ಎಲ್ಲ ಹೇಳುತ್ತಾರೆ. ಕೇಳಿದವರು ಬೆಲೆ ಹೇಳುತ್ತಾರೆ.

"ಇದು ಒರಿಜಿನಲ್ ಅಲ್ಲ" ಅನ್ನುವವರು

ಇವರು ಬಂದೇ ಬರುತ್ತಾರೆ. ಬೆರಳು ತೋರಿಸಿ "ಈ ಸ್ಕ್ರೂ ತಪ್ಪು" ಅನ್ನುತ್ತಾರೆ. ಸಿಟ್ಟು ಬರುವುದು ಸಹಜ. ಆದರೆ ಉಪಯೋಗದ ಮಾತು ಇವರಿಂದಲೇ ಜಾಸ್ತಿ ಸಿಗುತ್ತದೆ. "ಸರಿಯಾದದ್ದು ಹೇಗಿರುತ್ತೆ? ಎಲ್ಲಿ ನೋಡಿದ್ರಿ?" ಅಂತ ಕೇಳಿ, ಬರೆದುಕೊಳ್ಳಿ. ಮನೆಗೆ ಹೋಗಿ ಪಾರ್ಟ್ಸ್ ಪುಸ್ತಕದಲ್ಲಿ ನೋಡಿ. ಅಲ್ಲೇ ವಾದಕ್ಕಿಳಿಯಬೇಡಿ. ಒಂದೇ ಮಾಡೆಲ್ ಕೂಡ ಮಧ್ಯೆ ಮಧ್ಯೆ ಬದಲಾಗಿರುತ್ತದೆ. ಜಾಗ್ವಾರ್ ಇ-ಟೈಪ್ 1961ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಷೋನಲ್ಲಿ ಬಂತು. ಮೊದಮೊದಲ ಕಾರುಗಳಲ್ಲಿ ಕಾಲಿಡುವ ನೆಲ ಚಪ್ಪಟೆ, ಆಮೇಲಿನವುಗಳಲ್ಲಿ ತಗ್ಗು. ಮೊದಲ ಎರಡು ಸರಣಿಯಲ್ಲಿ ಗಾಜಿಗೆ ಮೂರು ವೈಪರ್, ವಿ12 ಎಂಜಿನ್‌ನ ಮೂರನೇ ಸರಣಿಯಲ್ಲಿ ಎರಡು. ಇಬ್ಬರು ಜಗಳವಾಡುತ್ತಿದ್ದರೆ ಇಬ್ಬರೂ ಸರಿಯಿರಬಹುದು.

ಕೆಲವು ತಪ್ಪು ತಿಳಿವಳಿಕೆಯನ್ನು ಮಾತ್ರ ಮೆಲ್ಲಗೆ ತಿದ್ದುವುದು ಒಳ್ಳೆಯದು. "ಮಾರ್ಗನ್ ಕಾರಿನ ಚಾಸಿಸ್ ಮರದ್ದು" ಅನ್ನುವುದು ಅವುಗಳಲ್ಲಿ ಒಂದು. ಚಾಸಿಸ್, ಅಂದರೆ ಕಾರಿನ ಅಡಿಯ ಚೌಕಟ್ಟು, ಲೋಹದ್ದೇ. ಅದರ ಮೇಲೆ ಬಾಡಿಯ ತಗಡನ್ನು ಹಿಡಿದಿಡುವ ಚೌಕಟ್ಟು ಮಾತ್ರ ಆ್ಯಶ್ ಮರದ್ದು. ಬಾಗಿಲ ಅಂಚಿನಲ್ಲಿ ಮರ ಕಾಣುವ ಜಾಗವಿದ್ದರೆ ತೋರಿಸಿ, ಬೆರಳಿಂದ ಮುಟ್ಟಲು ಬಿಡಿ. ಮುಟ್ಟಿ ನೋಡಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ಬ್ರಿಟಿಷ್ ಕಾರಿನ ಪಕ್ಕ ದೀಪ, ವೈರಿಂಗ್ ಮಾಡುತ್ತಿದ್ದ ಲೂಕಾಸ್ ಕಂಪನಿ ಬಗ್ಗೆ 'ಕತ್ತಲೆಯ ರಾಜಕುಮಾರ' ಅನ್ನುವ ಹಳೇ ನಗೆಮಾತೂ ಕಿವಿಗೆ ಬೀಳುತ್ತದೆ. ನಕ್ಕುಬಿಡಿ, ಆಮೇಲೆ ಇಷ್ಟು ಹೇಳಿ: ಇಷ್ಟು ಹಳೇ ಕಾರಲ್ಲಿ ದೀಪ ಮಂಕಾದರೆ ಬಹಳ ಸಲ ಕಾರಣ ತುಕ್ಕು ಹಿಡಿದ ಅರ್ತ್ ಜಾಗ, ಅಂದರೆ ವೈರು ಕಾರಿನ ಬಾಡಿಗೆ ಸೇರುವ ಜಾಗ. ಅದನ್ನು ಉಜ್ಜಿ ಬಿಗಿ ಮಾಡಿದರೆ ಬೆಳಕು ಬರುತ್ತದೆ. ಕೇಳಿದವರಲ್ಲಿ ಒಬ್ಬರಾದರೂ ಮನೆಗೆ ಹೋಗಿ ಮಾಡಿ ನೋಡುತ್ತಾರೆ.

ಬೆಲೆ, ವಿಳಾಸ

"ಎಷ್ಟು ಬೆಲೆ?" ಅಂತ ಕೇಳಿದರೆ ಅಂಕಿ ಹೇಳಬೇಡಿ. "ಮಾರೋ ಯೋಚನೆ ಇಲ್ಲ, ಹಾಗಾಗಿ ಲೆಕ್ಕ ಹಾಕಿಲ್ಲ" ಅಂದರೆ ಸಾಕು. ಕಾರು ಎಲ್ಲಿ ಇಡುತ್ತೀರಿ, ಊರಿಗೆ ಯಾವಾಗ ಹೋಗುತ್ತೀರಿ, ಗ್ಯಾರೇಜಿಗೆ ಬೀಗ ಯಾವುದು, ಇವು ಸ್ನೇಹದ ಮಾತಿನ ಮಧ್ಯೆ ಗೊತ್ತಾಗದ ಹಾಗೆ ಹೊರಬೀಳುತ್ತವೆ. ಹುಷಾರು. ಚಾಸಿಸ್ ನಂಬರಿನ ಪ್ಲೇಟನ್ನು ಹತ್ತಿರದಿಂದ ಫೋಟೋ ತೆಗೆಯಲು ಯಾರಿಗೂ ಬಿಡಬೇಡಿ. ಒಂದು ಕಾರಿನ ಗುರುತನ್ನು ಇನ್ನೊಂದಕ್ಕೆ ಅಂಟಿಸುವ ಮೋಸಕ್ಕೆ ಅದು ಬೇಕಾಗುತ್ತದೆ.

ಮಕ್ಕಳು ಬಂದಾಗ

ಕೂರಿಸಿ. ಶೂ ಬಿಚ್ಚಿಸಿ, ಅಪ್ಪ ಅಮ್ಮನ ಒಪ್ಪಿಗೆ ಕೇಳಿ, ಬಾಗಿಲ ಹತ್ತಿರ ನೀವು ನಿಂತು ಕೂರಿಸಿ. ಹಾರ್ನ್ ಒತ್ತಲಿ. ಇದರ ಬಗ್ಗೆ ನನಗೆ ಎರಡು ಮಾತಿಲ್ಲ.

ನಿಮ್ಮ ಕಾರಿನ ಕಥೆ ನೀವು ಹೇಳುವಾಗ

ಬೇರೆಯವರ ಬುರುಡೆಗಿಂತ ನಮ್ಮ ಬಾಯಿಯ ಬಗ್ಗೆ ಜಾಸ್ತಿ ಎಚ್ಚರ ಬೇಕು. ಹಿಂದಿನ ಮಾಲೀಕರು "ಇದನ್ನು ಒಬ್ಬ ನಟ ಓಡಿಸಿದ್ದನಂತೆ" ಅಂದಿರುತ್ತಾರೆ. ನೀವು ನಾಲ್ಕು ಪ್ರದರ್ಶನ ಕಳೆಯುವ ಹೊತ್ತಿಗೆ 'ಅಂತೆ' ಉದುರಿಹೋಗಿರುತ್ತದೆ. ಕಾರು ಮಾರುವ ದಿನ ಅದು ಬೆಲೆಯಾಗಿ ಕೂತುಬಿಡುತ್ತದೆ, ಕೊಂಡವರು ಮೋಸಹೋಗುತ್ತಾರೆ. ಹಾಗಾಗಿ ಹಲಗೆಯಲ್ಲೇ ಮೂರು ಭಾಗ ಮಾಡಿ: ಕಾಗದಪತ್ರ ಇರುವುದು, ಹಿಂದಿನವರು ಹೇಳಿದ್ದು, ನಮ್ಮ ಊಹೆ. ಖ್ಯಾತರ ಕಾರು ಅನ್ನಬೇಕಾದರೆ ಅವರ ಹೆಸರಿನ ನೋಂದಣಿ ಇರಬೇಕು, ಇಲ್ಲವೇ ನಂಬರ್ ಪ್ಲೇಟ್ ಕಾಣುವ ಆ ಕಾಲದ ಫೋಟೋ ಇರಬೇಕು.

ಮೀಟರಿನ ಅಂಕಿಯೂ ಹಾಗೆಯೇ. ಹಳೇ ಕಾರುಗಳ ಓಡೋಮೀಟರ್ ಬಹುತೇಕ ಐದೇ ಅಂಕಿಯದು, 99,999 ಆದ ಮೇಲೆ ಮತ್ತೆ ಸೊನ್ನೆ. 23,000 ಅಂತ ತೋರಿಸಿದರೆ ಅದು 1,23,000 ಕೂಡ ಆಗಿರಬಹುದು. ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆಯಾ ನೋಡಿ, ಹಳೇ ಸರ್ವಿಸ್ ಬಿಲ್ಲುಗಳಲ್ಲಿ ಬರೆದ ಅಂಕಿ ನೋಡಿ, ಆಮೇಲೆ ಹಲಗೆಗೆ ಹಾಕಿ.

ನಿಮ್ಮದು ರೆಪ್ಲಿಕಾ (ಅಸಲಿನ ಹಾಗೆ ಆಮೇಲೆ ಮಾಡಿದ ನಕಲು) ಆಗಿದ್ದರೆ ಮೊದಲ ಸಾಲಲ್ಲೇ ರೆಪ್ಲಿಕಾ ಅಂತ ಬರೆಯಿರಿ. ಎಸಿ ಕೋಬ್ರಾದಲ್ಲಿ 1960ರ ದಶಕದ ಅಸಲು ಕಾರುಗಳು ಸುಮಾರು ಸಾವಿರ. ಆಮೇಲೆ ಬಂದ ರೆಪ್ಲಿಕಾಗಳು ಅದಕ್ಕಿಂತ ಎಷ್ಟೋ ಪಟ್ಟು. ನೋಡುವವರಿಗೂ ಇದು ಗೊತ್ತು. ನೀವೇ ಹೇಳಿಬಿಟ್ಟರೆ ಮಾತು ಅನುಮಾನ ಬಿಟ್ಟು ಕೆಲಸದ ಕಡೆಗೆ ತಿರುಗುತ್ತದೆ: ವೆಲ್ಡಿಂಗ್ ಯಾರು ಮಾಡಿದರು, ಎಂಜಿನ್ ಯಾವುದು ಹಾಕಿದಿರಿ ಅಂತ ಕೇಳುತ್ತಾರೆ.

ಅದೇ ಸಂಜೆ ಬರೆದಿಡಿ

ಈಗ ನೋಟ್‌ಬುಕ್. ಮಾತಾಡುತ್ತಿರುವಾಗ ಒಂದೊಂದು ಪದ ಮಾತ್ರ ಗೀಚಿ, "ಇದನ್ನ ಬರ್ಕೊಳ್ಲಾ?" ಅಂತ ಕೇಳಿ. ಬೇಡ ಅನ್ನುವವರು ಕಡಿಮೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಹಳೇ ಮೆಕ್ಯಾನಿಕ್‌ಗಳು ಸಿಕ್ಕರೆ ಫೋನಿನಲ್ಲಿ ಧ್ವನಿ ದಾಖಲಿಸಲು ಒಪ್ಪಿಗೆ ಕೇಳಿ. ಅವರು ಸಾಮಾನ್ಯವಾಗಿ ದೂರದಲ್ಲೇ ನಿಂತು ಎಂಜಿನ್ ಕಡೆ ನೋಡುತ್ತಿರುತ್ತಾರೆ, ತಾವಾಗಿ ಮಾತಿಗೆ ಬರುವುದಿಲ್ಲ. ಎದ್ದು ಹೋಗಿ ಮಾತಾಡಿಸಬೇಕಾದವರು ಇವರೇ.

ಸಂಜೆ ಮನೆಗೆ ಹೋದ ಮೇಲೆ, ನಿದ್ದೆಗೆ ಮುಂಚೆ, ಪೂರ್ತಿ ಬರೆಯಿರಿ. ಯಾರು, ಯಾವ ಕಾರು, ಯಾವ ವರ್ಷದ ಮಾತು, ಕಂಡದ್ದಾ ಕೇಳಿದ್ದಾ ಎಂಬುದನ್ನು ಮೊದಲು ಹಾಕಿ. ಅವರ ಮಾತನ್ನು ಅವರದೇ ಪದಗಳಲ್ಲಿ ಇಡಿ, ತಿದ್ದಬೇಡಿ. ನಿಮಗೆ ಅನುಮಾನ ಇರುವ ಕಡೆ ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ. ಆಮೇಲೆ ಪುರುಸೊತ್ತು ಸಿಕ್ಕಾಗ ಕಾರ್ಖಾನೆಯ ದಾಖಲೆ, ಪಾರ್ಟ್ಸ್ ಪುಸ್ತಕ, ಆ ಕಾಲದ ಪತ್ರಿಕೆಗಳ ಜೊತೆ ಹೋಲಿಸಿ. ಹೊಂದಿದ್ದನ್ನು ಕಾರಿನ ಫೈಲಿಗೆ ದಿನಾಂಕದ ಸಮೇತ ಸೇರಿಸಿ. ಕಾರು ಮುಂದೆ ಯಾರ ಕೈಗೆ ಹೋದರೂ ಆ ಫೈಲನ್ನೂ ಜೊತೆಗೇ ಕೊಡಿ.